ಒಂದೇ ಹಾಳೆಗೆ ನಲವತ್ತೆಂಟು ಗುಮಾಸ್ತರು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೊಸ ಫೋನು ಕೊಳ್ಳಲು ಹೋದರೆ ಅಂಗಡಿಯವನು ‘ಇದರಲ್ಲಿ ಎಂಟು ಕೋರುಗಳಿವೆ’ ಎಂದು ಹೆಮ್ಮೆಯಿಂದ ಹೇಳುತ್ತಾನೆ. ಕೋರೆಂದರೆ ಯಂತ್ರದೊಳಗೆ ಕುಳಿತು ಲೆಕ್ಕ ಮಾಡುವ ಒಬ್ಬ ಗುಮಾಸ್ತನೆಂದು ಇಟ್ಟುಕೊಳ್ಳಿ. ಎಂಟು ಮಂದಿ ಇದ್ದರೆ ಕೆಲಸ ಎಂಟು ಪಟ್ಟು ಬೇಗ ಆಗಬೇಕಲ್ಲವೆ? ಬಹುಮಟ್ಟಿಗೆ ಆಗುವುದಿಲ್ಲ. ಕೆಲವು ಸಲ ಜನ ಹೆಚ್ಚಿದಷ್ಟೂ ಕೆಲಸ ಹಿಂದೆ ಬೀಳುತ್ತದೆ. ನಾನು ಮೆಟ್ರಿಕ್‌ವರೆಗೆ ಓದಿದವನು. ಮಿಲ್ಲಿನ ಲೆಕ್ಕದ ಪುಸ್ತಕವೇ ನನ್ನ ವಿದ್ಯೆ. ಈ ವಿಷಯಕ್ಕೆ ಅಷ್ಟು ಸಾಕಾಗುತ್ತದೆ.

ಯಂತ್ರದ ಎಲ್ಲ ಕೆಲಸಗಳ ಮೇಲ್ವಿಚಾರಣೆ ನಡೆಸುವ ತಂತ್ರಾಂಶಕ್ಕೆ ಕರ್ನೆಲ್ ಎನ್ನುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿರುವುದು ಲಿನಕ್ಸ್ ಎಂಬ ಕರ್ನೆಲ್. ಫಿನ್‌ಲೆಂಡಿನ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ್ದು. ಯಾವ ಕಡತವನ್ನು ಎಷ್ಟು ಮಂದಿ ಹಿಡಿದಿದ್ದಾರೆ, ಎಷ್ಟು ಸ್ಮೃತಿ ಖಾಲಿ ಇದೆ, ಇಂಥ ಲೆಕ್ಕಗಳೆಲ್ಲ ಅದರ ಪುಸ್ತಕಗಳಲ್ಲಿರುತ್ತವೆ. ಪುಸ್ತಕಗಳ ಕೋಣೆ ದೂರ. ಆದ್ದರಿಂದ ಪ್ರತಿ ಗುಮಾಸ್ತನೂ ತನಗೆ ಬೇಕಾದ ಹಾಳೆಯ ನಕಲನ್ನು ತನ್ನ ಮೇಜಿನ ಮೇಲೆ ಇಟ್ಟುಕೊಳ್ಳುತ್ತಾನೆ. ಆ ಮೇಜಿಗೆ ಕ್ಯಾಶ್ ಎಂದು ಹೆಸರು. ಉಚ್ಚಾರ ಒಂದೇ ಆದರೂ ಖಜಾಂಚಿಗೂ ಇದಕ್ಕೂ ಸಂಬಂಧವಿಲ್ಲ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಒಂದು ಹಾಳೆ 64 ಬೈಟು. 64 ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ.

ಬರಿದೆ ಓದುವವರು ಎಷ್ಟು ಮಂದಿಯಾದರೂ ಇರಲಿ, ಪ್ರತಿಯೊಬ್ಬನಿಗೂ ಒಂದು ನಕಲು ಸಿಗುತ್ತದೆ. ಬರೆಯಲು ಹೊರಟಾಗಲೇ ತಕರಾರು. ಒಬ್ಬನು ಒಂದಂಕಿ ತಿದ್ದಬೇಕಾದರೂ ಉಳಿದ ಮೇಜುಗಳ ಮೇಲಿನ ನಕಲುಗಳೆಲ್ಲ ರದ್ದಾಗಬೇಕು. ಮರುಕ್ಷಣ ಇನ್ನೊಬ್ಬನು ತಿದ್ದಬೇಕೆಂದರೆ ಹಾಳೆ ಅವನ ಮೇಜಿಗೆ ಹೋಗಬೇಕು. ತನ್ನ ಮೇಜಿನ ಹಾಳೆ ನೋಡಲು ಯಂತ್ರದ ಗಡಿಯಾರದ ನಾಲ್ಕೈದು ಬಡಿತ ಸಾಕು. ಇನ್ನೊಬ್ಬನಿಂದ ತರಿಸಲು ನೂರಾರು ಬಡಿತ ಹಿಡಿಯಬಹುದು. ಕೆಲಸ ಒಂದು ಗೀಟು, ಕಾಯುವುದು ಅರ್ಧ ದಿನ ಎಂಬಂತೆ.

ಇದರಲ್ಲಿ ಒಂದು ಅನ್ಯಾಯವೂ ಉಂಟು. ರಾಮನ ಲೆಕ್ಕ ಬೇರೆ, ಭೀಮನದು ಬೇರೆ. ಒಬ್ಬರದನ್ನೊಬ್ಬರು ಮುಟ್ಟುವುದೇ ಇಲ್ಲ. ಆದರೆ ಎರಡೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬಿದ್ದಿದ್ದರೆ, ಹಾಳೆಗಾಗಿ ಇಬ್ಬರೂ ಎಳೆದಾಡಬೇಕು. ನಡುವೆ ಜಾಗ ಖಾಲಿ ಬಿಟ್ಟು ಭೀಮನ ಲೆಕ್ಕವನ್ನು ಮುಂದಿನ ಹಾಳೆಗೆ ಸರಿಸಿದರೆ ಮುಗಿಯಿತು. ಕಾಗದ ಪೋಲು, ಕಾಲ ಉಳಿತಾಯ.

ಎಲ್ಲರೂ ಮುಟ್ಟಲೇಬೇಕಾದ ಲೆಕ್ಕವಿದ್ದರೆ ಮಾತ್ರ ಇಷ್ಟು ಸುಲಭವಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಸಂಶೋಧಕರು 2010ರಲ್ಲಿ 48 ಕೋರುಗಳ ಯಂತ್ರದ ಮೇಲೆ ಲಿನಕ್ಸನ್ನು ಪರೀಕ್ಷಿಸಿದರು. ಓಡಿಸಿದ ಕಾರ್ಯಕ್ರಮಗಳು ಏಳು. ಆರು ಕರ್ನೆಲಿನ ಒಳಗೇ ಮುಗ್ಗರಿಸಿದವು. ‘ಇದನ್ನು ಎಷ್ಟು ಮಂದಿ ಹಿಡಿದಿದ್ದಾರೆ’ ಎಂಬ ಎಣಿಕೆಯೇ ಒಂದು ದೊಡ್ಡ ಕಾರಣ. ಅವರು ಕಂಡ ಉಪಾಯ ಹೀಗೆ: ವಸ್ತುವನ್ನು ಹಿಡಿಯುವವನು ಕೇಂದ್ರದಿಂದ ಒಂದು ಬಿಲ್ಲೆ ಪಡೆಯುತ್ತಾನೆ. ಕೆಲಸ ಮುಗಿದಾಗ ಅದನ್ನು ಹಿಂದಿರುಗಿಸಲು ಓಡದೆ ತನ್ನ ಡ್ರಾಯರಿಗೆ ಹಾಕುತ್ತಾನೆ. ಮುಂದಿನ ಸಲ ಅಲ್ಲಿಂದಲೇ ತೆಗೆಯುತ್ತಾನೆ. ಡ್ರಾಯರು ತುಂಬಿದರೆ ಮಾತ್ರ ಕೇಂದ್ರಕ್ಕೆ ಹೋಗುವುದು. ಇದೂ ಇಂಥ ಇತರ ತಿದ್ದುಪಡಿಗಳೂ ಸೇರಿ ಕರ್ನೆಲಿನಲ್ಲಿ ಬದಲಾದದ್ದು 3002 ಸಾಲು.

ಆದರೆ ಲೆಕ್ಕ ಬರೆಯುವವರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಒಟ್ಟು ಮೊತ್ತ ಈಗ ಎಷ್ಟು? ಲೆಕ್ಕ ಹಂಚಿಹೋದ ಮೇಲೆ ಆ ಕ್ಷಣದ ನಿಜವಾದ ಮೊತ್ತ ಯಾರ ಬಳಿಯೂ ಇರುವುದಿಲ್ಲ. ಎಷ್ಟು ಪೊಟ್ಟಣ ಬಂದವು ಎಂಬ ಅಂಕಿ ಅಂಶಕ್ಕೆ ಅದು ನಡೆಯುತ್ತದೆ. ಒಂದು ವಸ್ತುವನ್ನು ಅಳಿಸಿಹಾಕುವಾಗ ನಡೆಯದು. ಯಾರೂ ಹಿಡಿದಿಲ್ಲವೆಂದು ತಪ್ಪಾಗಿ ತಿಳಿದು ಅದರ ಜಾಗವನ್ನು ಬೇರೆಯವರಿಗೆ ಕೊಟ್ಟರೆ, ಹಿಡಿದಿದ್ದವನು ಕಂಡವರ ಲೆಕ್ಕದ ಮೇಲೆ ಬರೆಯುತ್ತಾನೆ. ಯಂತ್ರ ಕುಸಿಯಬಹುದು, ಕಳ್ಳನಿಗೆ ಬಾಗಿಲೂ ತೆರೆಯಬಹುದು. ಜೊತೆಗೆ, ಒಂದು ಕೋರಿನಲ್ಲಿ ಹಿಡಿದದ್ದನ್ನು ಇನ್ನೊಂದರಲ್ಲಿ ಬಿಡುವುದುಂಟು. ಆಗ ಒಂದು ಪುಸ್ತಕದಲ್ಲಿ ಸೊನ್ನೆಗಿಂತ ಕಡಿಮೆ ಅಂಕಿಯೂ ಬರಬಹುದು. ಅದನ್ನೊಂದನ್ನೇ ನೋಡಿ ಏನನ್ನೂ ಹೇಳಲಾಗದು.

2013ರಲ್ಲಿ ಲಿನಕ್ಸಿಗೆ ಬಂದ ಏರ್ಪಾಡು ನನಗೆ ಬಹಳ ಹಿಡಿಸಿತು. ವಸ್ತು ಬಳಕೆಯಲ್ಲಿರುವವರೆಗೆ ಪ್ರತಿ ಕೋರಿಗೂ ತನ್ನದೇ ಎಣಿಕೆ. ಮುಚ್ಚುವ ಹೊತ್ತು ಬಂತೆಂದು ಸಾರಿದ ಮೇಲೆ ಎಲ್ಲವನ್ನೂ ಕೂಡಿಸಿ ಒಂದೇ ಹಾಳೆಗೆ ತರುತ್ತಾರೆ. ಸೊನ್ನೆಯಾಗುವವರೆಗೆ ಆ ಹಾಳೆಯೇ ಪ್ರಮಾಣ. ನಿಧಾನವೇನೋ ಹೌದು, ಆದರೆ ಆಗ ಮಾತ್ರ.

ಬೀಗದ ಸರದಿಯಲ್ಲೂ ಇದೇ ಕಥೆ. ಒಂದು ಹೊತ್ತಿಗೆ ಒಬ್ಬನೇ ತಿದ್ದಬಹುದಾದ ಲೆಕ್ಕಕ್ಕೆ ಬೀಗವಿರುತ್ತದೆ. 2008ರಲ್ಲಿ ಲಿನಕ್ಸಿಗೆ ಟೋಕನ್ ಪದ್ಧತಿ ಬಂತು. ಸರದಿಗೆ ನ್ಯಾಯ ಸಿಕ್ಕಿತು. ಆದರೆ ಕಾಯುವವರೆಲ್ಲ ಒಂದೇ ಫಲಕ ನೋಡುತ್ತಿರುವುದರಿಂದ, ಅಂಕಿ ಬದಲಾದಾಗಲೆಲ್ಲ ಎಲ್ಲರ ನಕಲೂ ರದ್ದು, ಎಲ್ಲರೂ ಒಮ್ಮೆಗೆ ನುಗ್ಗುವುದು. ಮೆಲ್ಲರ್-ಕ್ರಮ್ಮಿ ಮತ್ತು ಸ್ಕಾಟ್ ಎಂಬಿಬ್ಬರು 1991ರಲ್ಲೇ ಬೇರೆ ದಾರಿ ತೋರಿಸಿದ್ದರು: ಪ್ರತಿಯೊಬ್ಬನೂ ತನ್ನ ಹಾಳೆಯನ್ನೇ ನೋಡುತ್ತಿರಲಿ, ಮುಂದಿನವನು ಮುಗಿಸಿದಾಗ ಹಿಂದಿನವನ ಹಾಳೆಯಲ್ಲಿ ಗುರುತು ಹಾಕಲಿ. ಅದೇ ಜಾಡಿನ ಬೀಗ ಲಿನಕ್ಸಿನಲ್ಲಿ ಎಲ್ಲೆಡೆ ಬಳಸುವ ಬೀಗಕ್ಕೆ ಬದಲಾಗಿ ಬಂದದ್ದು 2015ರಲ್ಲಿ. ಬೀಗಗಳು ಸಾವಿರಾರು ಕಡೆ ಹುದುಗಿರುವುದರಿಂದ ಅವು ದೊಡ್ಡದಾಗುವಂತಿರಲಿಲ್ಲ. ಇಡೀ ಸರದಿಯ ಗುರುತನ್ನು ನಾಲ್ಕೇ ಬೈಟಿನಲ್ಲಿ ಅಡಕಬೇಕಾಯಿತು. ಅಡಕಿದರು.