ತಟ್ಟೆಯಲ್ಲಿರುವ ಎರಡು ಖರ್ಜೂರ



ನಿಮ್ಮ ಮುಂದೆ ಒಂದೊಂದು ಕಾಗದದ ತಟ್ಟೆ, ಅದರಲ್ಲಿ ಎರಡೆರಡು ಖರ್ಜೂರ ಇಡಿಸಿದ್ದೇನೆ. ದಯವಿಟ್ಟು ಈಗಲೇ ತಿನ್ನಬೇಡಿ. ಹಿಂದಿನ ಸಾಲಿನಲ್ಲಿ ಆಗಲೇ ಒಂದಿಬ್ಬರ ಬಾಯಿ ಆಡುತ್ತಿರುವುದು ಕಾಣುತ್ತಿದೆ. ಇರಲಿ, ಇನ್ನೊಂದನ್ನು ಉಳಿಸಿಕೊಳ್ಳಿ.

ಖರ್ಜೂರದ ಬಗ್ಗೆ ನಾವು ಎರಡೇ ಬಗೆಯಲ್ಲಿ ಮಾತಾಡುತ್ತೇವೆ. ಅದು ಔಷಧ, ಇಲ್ಲವೇ ಬರೀ ಸಕ್ಕರೆ. ಅದೊಂದು ಹಣ್ಣು ಎಂಬುದು ನಮಗೆ ಮರೆತೇ ಹೋಗಿದೆ. ಈ ವಿಚಾರ ಸಂಕಿರಣ ಅದನ್ನು ಹಣ್ಣಾಗಿಯೇ ನೋಡಲಿ ಎಂಬುದು ನನ್ನ ಆಶಯ.

“ರಕ್ತ ಕಡಿಮೆ ಇದೆ ಅಂದಿದ್ದಾರೆ ಮೇಡಂ, ದಿನಾ ನಾಲ್ಕು ಖರ್ಜೂರ ತಿಂತಿದೀನಿ.” ಸಲಹೆ ಕೇಳಲು ಬರುವ ಹೆಣ್ಣುಮಕ್ಕಳಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಲೆಕ್ಕ ಇಡಬೇಕಾದದ್ದು ಬೇರೆಯೇ. ದೊಡ್ಡ ಗಾತ್ರದ ನಾಲ್ಕು ಮೆಡ್ಜೂಲ್ ಖರ್ಜೂರ ಸುಮಾರು ನೂರು ಗ್ರಾಂ ತೂಗುತ್ತವೆ. ಅದರಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಂನ ಆಸುಪಾಸು. ನಮ್ಮ ಐಸಿಎಂಆರ್ 2020ರಲ್ಲಿ ಹೇಳಿರುವಂತೆ ವಯಸ್ಕ ಹೆಣ್ಣಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಉತ್ತತ್ತಿಯಲ್ಲಿ ನೀರು ಆರಿಹೋಗಿರುವುದರಿಂದ ಅಂಕಿ ಇನ್ನಷ್ಟು ಏರಬಹುದು. ಆದರೆ ನೂರು ಗ್ರಾಂ ಉತ್ತತ್ತಿಯನ್ನು ದಿನಾ ಅಗಿದು ಮುಗಿಸುವವರು ಯಾರು? ಅಷ್ಟೇ ತೂಕದ ರಾಗಿಯಲ್ಲಿ ನಾಲ್ಕು ಮಿಲಿಗ್ರಾಂಗೂ ಮೀರಿ ಕಬ್ಬಿಣವಿದೆ, ಬೆಲೆಯೂ ಕಡಿಮೆ. ಖರ್ಜೂರದ ಕಂದು ಬಣ್ಣ ಹಣ್ಣು ಮಾಗುವಾಗ, ಒಣಗುವಾಗ ಬರುವಂಥದ್ದು, ಕಬ್ಬಿಣದ್ದಲ್ಲ. ಖರ್ಜೂರ ತಿನ್ನುವುದರಲ್ಲಿ ತಪ್ಪೇನಿಲ್ಲ. ಅದನ್ನು ನಂಬಿ ಕಬ್ಬಿಣದ ಗುಳಿಗೆಯನ್ನು ಬೀರುವಿನಲ್ಲೇ ಇಟ್ಟುಬಿಡುತ್ತಾರಲ್ಲ, ನನ್ನ ತಕರಾರು ಅಲ್ಲಿ.

ಹಾಗಾದರೆ ಖರ್ಜೂರದಲ್ಲಿ ಇರುವುದೇನು? ಅದೇ ನೂರು ಗ್ರಾಂ ಮೆಡ್ಜೂಲ್‌ನಲ್ಲಿ ಸುಮಾರು 277 ಕಿಲೊಕ್ಯಾಲೊರಿ, 66 ಗ್ರಾಂ ಸಕ್ಕರೆ, ಏಳು ಗ್ರಾಂಗೆ ಹತ್ತಿರದ ನಾರು, ಸುಮಾರು 700 ಮಿಲಿಗ್ರಾಂ ಪೊಟ್ಯಾಸಿಯಂ. ಬಾಣಂತಿಗೆ ಅಂಟಿನುಂಡೆ ಕಟ್ಟುವಾಗ ಉತ್ತತ್ತಿ ಹಾಕುತ್ತಿದ್ದ ನಮ್ಮ ಅಜ್ಜಿಯಂದಿರ ಲೆಕ್ಕ ಇಲ್ಲಿ ಸರಿಯಾಗೇ ಇತ್ತು: ಹಿಡಿಯಷ್ಟರಲ್ಲಿ ಕಸುವು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರಿಗೆ ಮಾತ್ರ ಇದೇ ಗುಣ ಮುಳುವಾಗಬಹುದು. ಅಂಥವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಮಧುಮೇಹದವರ ಪ್ರಶ್ನೆಗೆ ಮಧ್ಯಾಹ್ನ ಒಂದು ಗೋಷ್ಠಿಯೇ ಇರುವುದರಿಂದ ಹೆಚ್ಚು ಹೇಳುವುದಿಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಐದು ತಳಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗ್ಲೈಸೆಮಿಕ್ ಸೂಚ್ಯಂಕ ಐವತ್ತರ ಆಚೀಚೆಯೇ ನಿಂತಿತು. ಕೇಳಲು ಹಿತವಾದ ಸಂಗತಿ. ಆದರೆ ಸೂಚ್ಯಂಕ ಕಡಿಮೆ ಎಂದು ಡಬ್ಬಿ ಖಾಲಿ ಮಾಡಿದರೆ ಒಳಗೆ ಹೋದ ಸಕ್ಕರೆ ಕಡಿಮೆಯಾಗುವುದಿಲ್ಲ. ಒಂದೇ ಮೆಡ್ಜೂಲ್‌ನಲ್ಲಿ ಹದಿನಾರು ಗ್ರಾಂ ಇದೆ.

ಖರ್ಜೂರವನ್ನು ಹಣ್ಣಾಗಿಯೇ, ಅದೂ ಇಡೀ ಹಣ್ಣಾಗಿ ನೋಡಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಿತಿ ಹಾಕಿದ್ದು ‘ಬಿಡಿ ಸಕ್ಕರೆ’ಗೆ. ಇಡೀ ಹಣ್ಣಿನೊಳಗಿನ ಸಕ್ಕರೆ ಆ ಲೆಕ್ಕಕ್ಕೆ ಬರುವುದಿಲ್ಲ, ಅದೇ ಖರ್ಜೂರದ ಪಾಕ ಬರುತ್ತದೆ. ಇನ್ನು ‘ಸಕ್ಕರೆ ಹಾಕಿಲ್ಲ’ ಎಂದು ಚೀಟಿ ಅಂಟಿಸಿದ ಖರ್ಜೂರದ ಲಾಡು! ಮೂರು ಹಣ್ಣು ಅರೆದು ಒಂದು ಉಂಡೆ ಮಾಡಿದರೆ ಅಗಿಯುವ ಕೆಲಸ ಹೋಯಿತು. ಬೀಜ ಎಣಿಸಿ “ಇಷ್ಟು ಸಾಕು” ಎನ್ನುವ ಅವಕಾಶವೂ ಹೋಯಿತು.

ಈಗ ತಟ್ಟೆಗೆ ಬನ್ನಿ. ಒಂದು ಹಣ್ಣನ್ನು ಉದ್ದಕ್ಕೆ ಸೀಳಿ, ಬೀಜ ತೆಗೆಯಿರಿ, ಅದು ಕೂತಿದ್ದ ಗುಳಿಯನ್ನು ಬೆಳಕಿಗೆ ಹಿಡಿಯಿರಿ. ಕಂದು ಪುಡಿ, ಎಳೆ ಎಳೆಯಾದ ಬಲೆ, ಸಣ್ಣ ಹುಳು ಕಂಡರೆ ಅದು ದಾಸ್ತಾನಿನಲ್ಲಿ ಹತ್ತಿದ ಪತಂಗದ್ದೋ ಜೀರುಂಡೆಯದ್ದೋ ಕೆಲಸ. ಹೊರಗಿನ ಸಿಪ್ಪೆ ಎಷ್ಟು ನಯವಾಗಿದ್ದರೂ ಒಳಗಿನದನ್ನು ಹೇಳದು. ಕೆಲವರ ಹಣ್ಣಿನ ಮೇಲೆ ಬಿಳಿ ಚುಕ್ಕೆ ಕಾಣಬಹುದು. ಬೆರಳಿನಿಂದ ಉಜ್ಜಿ ನೋಡಿ: ಹರಳಿನಂತೆ ಗರಗರ ಎಂದು, ಬಿಸಿ ನೀರಿನ ಹನಿಗೆ ಕರಗಿದರೆ ಅದು ಸಕ್ಕರೆಯೇ ಕಟ್ಟಿದ್ದು. ಬೂಷ್ಟು ಕರಗುವುದಿಲ್ಲ, ಹತ್ತಿಯಂತಿರುತ್ತದೆ, ಹುಳಿ ವಾಸನೆಯೂ ಜೊತೆಗಿರಬಹುದು. ಅಂಥದ್ದನ್ನು ಕೆರೆದು ತಿನ್ನಬೇಡಿ, ಎಸೆಯಿರಿ.

ತೇವದ ವಿಷಯವನ್ನು ಅಂಗಡಿಯವರೂ ಕಡೆಗಣಿಸುತ್ತಾರೆ. ಉತ್ತತ್ತಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ರಂಜಾನ್ ಹೊತ್ತಿಗೆ ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಇರಾನಿನ ಕಪ್ಪು ಮೃದು ಖರ್ಜೂರಕ್ಕೆ ತಂಪು ಬೇಕೇ ಬೇಕು. ಇನ್ನು ಕಛ್‌ನ ಹಳದಿ, ಕೆಂಪು ಹಸಿ ಖಾರೆಕ್ ಬೇರೆಯೇ ಜಾತಿಯ ಸರಕು. ಅಲ್ಲಿ ಹಣ್ಣು ಪೂರ್ತಿ ಮಾಗುವ ಮೊದಲೇ ಮಳೆ ಬಂದುಬಿಡುತ್ತದೆ, ಆದ್ದರಿಂದ ಗರಿಗರಿಯಾಗಿರುವಾಗಲೇ ಕೊಯ್ದು ಮಾರುತ್ತಾರೆ. ಅದನ್ನು ಸೇಬಿನಂತೆ ನೋಡಿಕೊಳ್ಳಬೇಕು, ಒಣಹಣ್ಣಿನಂತಲ್ಲ.

ಒಣಗಿದ್ದರಲ್ಲಿ ರೋಗಾಣು ಬೆಳೆಯುವುದಿಲ್ಲ ನಿಜ, ಆದರೆ ಬದುಕಿರಬಹುದು. 2021ರಲ್ಲಿ ಬ್ರಿಟನ್ನಿನಲ್ಲಿ ಹರಡಿದ ಹೆಪಟೈಟಿಸ್ ಎ ಸೋಂಕಿನ ಜಾಡು ಹಿಡಿದವರು ತಲುಪಿದ್ದು ಜೋರ್ಡಾನಿನಿಂದ ಬಂದ ಮೆಡ್ಜೂಲ್ ಖರ್ಜೂರಕ್ಕೆ. ನಾವು ತೊಳೆದರೆ ಧೂಳು, ಕೊಳೆ ಹೋಗುತ್ತದೆ. ವೈರಾಣುವಿನ ಬಗ್ಗೆ ಆ ಭರವಸೆ ಇಲ್ಲ. ಕೊಯ್ಯುವ, ವಿಂಗಡಿಸುವ ಕೈಗಳು, ಆ ಕೈ ತೊಳೆಯಲು ಸಿಗುವ ನೀರು, ಇವು ಶುದ್ಧವಿದ್ದರೇ ನಮ್ಮ ತಟ್ಟೆ ಶುದ್ಧ.

ಪುಟ್ಟ ಮಕ್ಕಳಿಗೆ ಬೀಜ ತೆಗೆದು, ಸಣ್ಣಗೆ ಹೆಚ್ಚಿಯೇ ಕೊಡಿ. ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ತಟ್ಟೆಯ ಒಂದು ಹಣ್ಣು ಚೊಕ್ಕಟವಾಗಿದೆ. ಎರಡನೆಯದರಲ್ಲಿ ಬೀಜದ ಪಕ್ಕ ಚಿಟಿಕೆ ಕಂದು ಪುಡಿ ಇದೆ. ನಿಮ್ಮಲ್ಲಿ ಯಾರಿಗಾದರೂ ಹಾಗೇ ಕಂಡಿದ್ದರೆ ತಟ್ಟೆಯ ಮೇಲೆ ಆಸನದ ಸಂಖ್ಯೆ ಬರೆದು ಬಾಗಿಲ ಬಳಿಯ ಮೇಜಿನ ಮೇಲಿಡಿ. ಚಹಾ ವಿರಾಮ ಮುಗಿಯುವುದರೊಳಗೆ ಗೃಹವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟಿರುತ್ತಾರೆ. ಉಳಿದವರು ತಿನ್ನಬಹುದು.