ಚಳಿ ಬುದ್ಧಿಯನ್ನು ಕವಿದಾಗ



ಕೆಂಗೇರಿ, ವಿಜಯನಗರದ ಕಡೆಯವರಿಗೆ ಚಳಿಯಿಂದ ಸಾವು ಎಂದರೆ ದೂರದ ಮಾತು ಎನಿಸುವುದು ಸಹಜ. ಆದರೆ 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡವು ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಅದು ಬೇಸಿಗೆಯ ಕಾಲವೆಂಬುದನ್ನು ಗಮನಿಸಬೇಕು. ಮೈ ತಣ್ಣಗಾಗಲು ಹಿಮವೇ ಬೀಳಬೇಕೆಂದಿಲ್ಲ. ನೆಂದ ಬಟ್ಟೆ, ಬೀಸುವ ಗಾಳಿ, ಹಸಿದ ಹೊಟ್ಟೆ ಇವು ಮೂರೂ ಸೇರಿದರೆ 10 ಡಿಗ್ರಿಯ ರಾತ್ರಿಯೂ ಸಾಕು. ಬೆಂಗಳೂರಿನಲ್ಲಿಯೇ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿತ್ತು.

ಮನುಷ್ಯನ ದೇಹದ ಒಳ ಉಷ್ಣತೆ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ ಆರಂಭವಾಯಿತೆಂದೇ ತಿಳಿಯಬೇಕು. ಮೊದಲು ನಡುಕ, ಬಳಿಕ ಬೆರಳು ಗುಂಡಿ ಹಾಕಲಾರದು, ಹಗ್ಗದ ಗಂಟು ಬಿಚ್ಚಲಾರದು, ನಾಲಿಗೆ ತೊದಲುತ್ತದೆ. ಇದರ ಜೊತೆಗೇ ವಿವೇಚನೆಯೂ ಮಂಕಾಗುತ್ತದೆ. ಇದೇ ದೊಡ್ಡ ಮೋಸ: ತಣ್ಣಗಾದವನಿಗೆ ತಾನು ತಣ್ಣಗಾಗಿರುವುದು ತಿಳಿಯುವುದಿಲ್ಲ. ಚೀಲದಲ್ಲಿ ಕಂಬಳಿಯಿದ್ದರೂ ಹೊದೆಯುವುದಿಲ್ಲ, ಕೇಳಿದರೆ ಏನೂ ಆಗಿಲ್ಲವೆಂದು ರೇಗುತ್ತಾನೆ. 32 ಡಿಗ್ರಿಗಿಂತ ಕೆಳಗೆ ನಡುಕ ನಿಲ್ಲುತ್ತಾ ಬರುತ್ತದೆ. ಅದನ್ನು ಸುಧಾರಣೆಯೆಂದು ಭಾವಿಸಬಾರದು. ಕೆಲವರು ಕೊನೆಯಲ್ಲಿ ಸೆಕೆಯೆಂದು ಉಟ್ಟ ಬಟ್ಟೆಯನ್ನೇ ಕಿತ್ತೆಸೆಯುವುದುಂಟು. ಆದುದರಿಂದ ಅವನ ಮಾತನ್ನು ನಂಬದೆ ಜೊತೆಯವರೇ ನಿರ್ಧಾರ ಮಾಡಬೇಕು. ಒಂಟಿಯಾಗಿರುವವನು ನಡುಕ ಶುರುವಾದಾಗಲೇ ಮರೆಗೆ ಸೇರಿ ಒಣಬಟ್ಟೆ ಹಾಕಿಕೊಳ್ಳಬೇಕು. ಇನ್ನೂ ಸ್ವಲ್ಪ ದೂರ ಎಂದು ನಡೆಯುವುದು ಒಳ್ಳೆಯದಲ್ಲ.

ಮಳೆಯಲ್ಲಿ ನೆಂದ ಎಳೆಯ ಕುರಿಮರಿಯನ್ನು ಏನು ಮಾಡಬೇಕೆಂದು ಕುರಿಗಾರರಿಗೆ ಹೇಳಿಕೊಡಬೇಕಾಗಿಲ್ಲ. ಒರೆಸಿ, ಗೋಣಿಯಲ್ಲಿ ಸುತ್ತಿ, ಬೆಚ್ಚಗಾದ ಮೇಲೆಯೇ ಹಾಲು. ಮನುಷ್ಯನಿಗೂ ಹೆಚ್ಚುಕಡಿಮೆ ಇದೇ ಕ್ರಮ. ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು, ಕೆಳಗೆ ಒಣಹುಲ್ಲು ಅಥವಾ ಗೋಣಿಚೀಲ ದಪ್ಪನಾಗಿ ಹಾಸಬೇಕು. ನೆಲವೂ ಶಾಖವನ್ನು ಹೀರುತ್ತದೆ. ತಲೆ ಸಹಿತ ಕಂಬಳಿ ಸುತ್ತಿ, ಮುಖ ಮಾತ್ರ ಬಿಟ್ಟು, ಮೇಲೆ ಟಾರ್ಪಾಲು ಹೊದಿಸಬೇಕು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳನ್ನು ಎದೆ, ಕಂಕುಳಿನ ಬಳಿ ಇಡಬಹುದು. ಎಚ್ಚರವಿದ್ದು ನುಂಗಬಲ್ಲವನಿಗೆ ಬೆಚ್ಚಗಿನ ಬೆಲ್ಲದ ಕಾಫಿ ಅಥವಾ ಗಂಜಿ ಕೊಡಬಹುದು.

ಹೆಂಡ, ಸಾರಾಯಿ ಚಳಿಗೆ ಮದ್ದೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಹಾಕುತ್ತದೆ, ಉಳಿದಿದ್ದ ಬುದ್ಧಿಯನ್ನೂ ಕೆಡಿಸುತ್ತದೆ. ಕೈಕಾಲು ತಿಕ್ಕುವುದೂ ತಪ್ಪು. ಬೆಂಕಿಗೆ ತೀರಾ ಹತ್ತಿರ ಕೂರಿಸಿದರೆ ಮರಗಟ್ಟಿದ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ನಡುಕ ನಿಂತು ಮಂಪರು ಕವಿದಿದ್ದರೆ ನಡೆಸದೆ, ಮಲಗಿಸಿಯೇ ಮೆಲ್ಲನೆ ಸಾಗಿಸಬೇಕು. ಒರಟಾಗಿ ಎಳೆದಾಡಿದರೆ ಹೃದಯದ ಬಡಿತ ತಪ್ಪಬಹುದು. ಕೂಡಲೇ 108ಕ್ಕೆ ಕರೆ ಮಾಡಿರಿ. ಮೈ ತಣ್ಣಗಿದೆ, ನಾಡಿ ಸಿಗಲಿಲ್ಲ ಎಂದು ಕೈಬಿಡಬೇಡಿ. ಇಂಥವರಲ್ಲಿ ನಾಡಿ ಬಹಳ ಕ್ಷೀಣವಾಗಿರುತ್ತದೆ, ಆಸ್ಪತ್ರೆಯಲ್ಲಿ ಬೆಚ್ಚಗೆ ಮಾಡಿದ ಮೇಲೆ ಚೇತರಿಸಿಕೊಂಡವರಿದ್ದಾರೆ.