ಕೂದಲಿಗೆ ಸುರಿಯುವ ಡಾಲರು

(ಪಾರ್ಸಿಪನಿಯಲ್ಲಿ ಕನ್ನಡ ಕೂಟದ ದೀಪಾವಳಿ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಆರೋಗ್ಯವನ್ನು ಕುರಿತು ಅರ್ಧ ಗಂಟೆ ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಹೃದ್ರೋಗ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವುಗಳಲ್ಲೊಂದನ್ನು ಆರಿಸಿಕೊಳ್ಳುವುದೆಂದು ನಾವು ಎಣಿಸಿದ್ದೆವು. ಆದರೆ ಕೂಟದ ಊಟದ ಸಾಲಿನಲ್ಲಿ ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ನಿಂತ ವೈದ್ಯನನ್ನು ಜನ ಕೇಳುವ ಪ್ರಶ್ನೆ ಹೃದಯದ್ದಲ್ಲ, ಕೂದಲಿನದು. "ಡಾಕ್ಟ್ರೇ, ಕೂದಲು ಹಿಡಿ ಹಿಡಿಯಾಗಿ ಉದುರುತ್ತಿದೆ. ನಲವತ್ತು ಡಾಲರಿನ ಶಾಂಪೂ ತಂದಿದ್ದೇನೆ. ಅಷ್ಟು ಕೊಟ್ಟದ್ದಕ್ಕೆ ಸಾರ್ಥಕವಾದೀತೇ?" ಈ ಪ್ರಶ್ನೆಯನ್ನು ಹೆಂಗಸರು ನೇರವಾಗಿ ಕೇಳುತ್ತಾರೆ, ಗಂಡಸರು ನಮ್ಮನ್ನು ಪಾರ್ಕಿಂಗ್ ಲಾಟಿನವರೆಗೆ ಕರೆದೊಯ್ದು ಕೇಳುತ್ತಾರೆ.

ಪ್ರಶ್ನೆ ಸಣ್ಣದೆಂದು ನಗುವಂತಿಲ್ಲ. ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆನ್ನ ಎಂದು ಗಾದೆ ಕಟ್ಟಿದ ಜನ ನಾವು. ಅಲ್ಲದೆ, ಇದೇ ಪ್ರಶ್ನೆಗೆ ನಾವೊಮ್ಮೆ ತಪ್ಪು ಉತ್ತರ ಕೊಟ್ಟಿದ್ದೇವೆ. ಆ ತಪ್ಪೇ ಈ ಉಪನ್ಯಾಸಕ್ಕೆ ಕಾರಣ. ಅದನ್ನು ಮುಂದೆ ನಿವೇದಿಸುತ್ತೇವೆ.

ಶಾಂಪೂ ಎಂಬುದು ಇಂಗ್ಲಿಷರ ಪದವೆಂದು ಅನೇಕರು ತಿಳಿದಿದ್ದಾರೆ. ಅದು ನಮ್ಮ ದೇಶದಿಂದಲೇ ಹಡಗು ಹತ್ತಿ ಹೋದ ಪದ. ಒತ್ತು, ಅಮುಕು ಎಂಬರ್ಥದ ಹಿಂದಿಯ 'ಚಾಂಪೋ' ಅದರ ಮೂಲ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತ 1814ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕಡಲತೀರದಲ್ಲಿ ಸ್ನಾನಗೃಹವೊಂದನ್ನು ತೆರೆದು, ಮೈ ಒತ್ತಿ ತಿಕ್ಕುವ ಕಲೆಯಿಂದ ಹೆಸರು ಗಳಿಸಿ, ನಾಲ್ಕನೆಯ ಜಾರ್ಜ್ ದೊರೆಯ 'ಶಾಂಪೂ ವೈದ್ಯ'ನೆಂಬ ಪದವಿಗೇರಿದ. ಆ ಪದಕ್ಕೆ ತಲೆ ತೊಳೆಯುವ ಅರ್ಥ ಬಂದದ್ದು ಆಮೇಲೆ. ಸಾಬೂನಿನ ಬದಲು ರಾಸಾಯನಿಕ ಮಾರ್ಜಕದಿಂದ ಮಾಡಿದ ಡ್ರೀನ್ ಎಂಬ ಶಾಂಪೂವನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆ ಮಾರುಕಟ್ಟೆಗೆ ತಂದದ್ದು 1934ರಲ್ಲಿ.

ಅದಕ್ಕೆ ಬಹಳ ಮುಂಚೆಯೇ ನಮ್ಮ ಹಿರಿಯರ ಬಚ್ಚಲುಮನೆಯಲ್ಲಿ ಮಾರ್ಜಕವಿತ್ತು. ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ, ಹಂಡೆಯ ನೀರು ಮರಳುತ್ತಿರುವಾಗ, ಅಜ್ಜಿ ನಮ್ಮ ನೆತ್ತಿಗೆ ಹರಳೆಣ್ಣೆ ತಟ್ಟಿ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದುದನ್ನು ನೆನೆದರೆ ಇಂದಿಗೂ ಕಣ್ಣು ಉರಿಯುತ್ತದೆ. ಸೀಗೆಕಾಯಿಯಲ್ಲಿಯೂ ಅಂಟುವಾಳದಲ್ಲಿಯೂ ಸ್ಯಾಪೊನಿನ್ ಎಂಬ ನೊರೆಗೊಡುವ ವಸ್ತುವಿದೆ. ಜಿಡ್ಡನ್ನು ಹಿಡಿದು ನೀರಿನೊಡನೆ ಸಾಗಿಸುವುದು ಅದರ ಕೆಲಸ. ದಾಸವಾಳದ ಸೊಪ್ಪಿನ ಗೊಂಪು ಕೂದಲನ್ನು ನುಣುಪಾಗಿಸುತ್ತಿತ್ತು. ಇಂದಿನ ಭಾಷೆಯಲ್ಲಿ ಅದೇ ಕಂಡೀಷನರ್. ತೊಳೆಯುವುದೊಂದು, ನುಣುಪು ಮಾಡುವುದೊಂದು. 6 ಡಾಲರಿನ ಶೀಶೆಯಾಗಲಿ 60 ಡಾಲರಿನ ಶೀಶೆಯಾಗಲಿ ಮಾಡುವುದು ಈ ಎರಡೇ ಕೆಲಸವನ್ನು.

ಇದಕ್ಕಿಂತ ಹೆಚ್ಚಿನದನ್ನು ಶೀಶೆ ಏಕೆ ಮಾಡಲಾರದು? ನಮ್ಮ ಕಣ್ಣಿಗೆ ಕಾಣುವ ಕೂದಲು ಜೀವವಿಲ್ಲದ್ದು. ಅದು ಉಗುರಿನಂತೆ ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿದ್ದು, ಒಂದೊಂದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಹಲವು ವರ್ಷ ಬೆಳೆದು, ಬಳಿಕ ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಆದುದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬುಡಕ್ಕೆ ಆಹಾರ ಒದಗಿಸುವುದು ರಕ್ತ. ಎರಡು ನಿಮಿಷ ತಲೆಯ ಮೇಲಿದ್ದು ಮೋರಿಗೆ ಹರಿದುಹೋಗುವ ನೊರೆ ಅಲ್ಲಿಗೆ ವಿಟಮಿನ್ನು ತಲುಪಿಸೀತೆಂಬುದು, ಗಿಡದ ಎಲೆ ಒರೆಸಿ ಬೇರಿಗೆ ನೀರಾಯಿತೆಂದಂತೆ.

ಹಾಗಾದರೆ ಶೀಶೆಯ ಮೇಲೆ ಬರೆದಿರುವುದೆಲ್ಲ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ, ಜಾಣತನ. ಈ ದೇಶದ 1938ರ ಕಾನೂನು ಸೌಂದರ್ಯ ಪ್ರಸಾಧನವನ್ನೂ ಔಷಧವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. 'ಕೂದಲು ಬೆಳೆಸುತ್ತದೆ' ಎಂದು ಬರೆದರೆ ಅದು ಔಷಧವಾಗಿ, ಸರ್ಕಾರದ ಮುಂದೆ ಪುರಾವೆ ಒಪ್ಪಿಸಬೇಕಾಗುತ್ತದೆ. 'ದಟ್ಟವಾಗಿ ಕಾಣುವ ಕೂದಲು' ಎಂದು ಬರೆದರೆ ಪ್ರಸಾಧನವಾಗಿಯೇ ಉಳಿಯುತ್ತದೆ. 'ಕಾಣುವ' ಎಂಬ ಆ ಒಂದು ಪದದ ಮೇಲೆ ನಿಮ್ಮ ಕಣ್ಣಿರಲಿ. 2022ರ ಕೊನೆಯಲ್ಲಿ ಬಂದ ಹೊಸ ಕಾನೂನು ಪ್ರಸಾಧನ ತಯಾರಕರ ಹೊಣೆಯನ್ನು ಹೆಚ್ಚಿಸಿತಾದರೂ, ಶಾಂಪೂ ಫಲಕಾರಿಯೆಂದು ಮಾರಾಟಕ್ಕೆ ಮುಂಚೆ ರುಜುವಾತುಪಡಿಸಬೇಕೆಂಬ ನಿಯಮ ಅದರಲ್ಲಿಯೂ ಇಲ್ಲ.

ಶೀಶೆಯ ಹಿಂಭಾಗದಲ್ಲಿ ಸಣ್ಣ ಅಕ್ಷರಗಳ ಪಟ್ಟಿಯೊಂದಿರುತ್ತದೆ. ಅತಿ ಹೆಚ್ಚಿರುವ ವಸ್ತು ಮೊದಲು, ಕಡಿಮೆಯಿರುವುದು ಕೊನೆಗೆ ಎಂಬುದು ಅದರ ನಿಯಮ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಸಾಮಾನ್ಯವಾಗಿ ಮೊದಲು ನೀರು, ಬಳಿಕ ಮಾರ್ಜಕ, ಆಮೇಲೆ ಉಪ್ಪು, ಸುಗಂಧ. ಮುಂಭಾಗದಲ್ಲಿ ದೊಡ್ಡದಾಗಿ ಮೆರೆಯುವ ಅಪರೂಪದ ಎಣ್ಣೆಯೂ ಹೂವೂ ಅನೇಕ ವೇಳೆ ಹಿಂಭಾಗದ ಪಟ್ಟಿಯ ಬಾಲದಲ್ಲಿ ಸಿಕ್ಕುತ್ತವೆ. ಮುಂದಿನ ಸಲ ಅಂಗಡಿಯಲ್ಲಿ ಒಂದು ಅಗ್ಗದ ಶೀಶೆಯನ್ನೂ ಒಂದು ದುಬಾರಿ ಶೀಶೆಯನ್ನೂ ತಿರುಗಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿ. ನಮ್ಮದೇ ರಾಜ್ಯದ ಕ್ಲಾರ್ಕ್ ಪಟ್ಟಣದಲ್ಲಿ ಲೊರಿಯಾಲ್ ಸಂಸ್ಥೆಯ ಸಂಶೋಧನಾಲಯವಿದೆ. ಔಷಧದ ಅಂಗಡಿಯಲ್ಲಿ ಸಿಗುವ ಗಾರ್ನಿಯರ್, ಸಲೂನಿನ ಗಾಜಿನ ಬೀರುವಿನಲ್ಲಿರುವ ಕೆರಾಸ್ತಾಸ್ ಎರಡೂ ಆ ಒಂದೇ ಮನೆಯ ಮಕ್ಕಳು. ಎರಡರೊಳಗಿನ ದ್ರವ ಒಂದೇ ಎಂದು ನಾವು ಹೇಳುತ್ತಿಲ್ಲ. ಸುಗಂಧ, ನುಣುಪು, ಹದ ಇವುಗಳಲ್ಲಿ ವ್ಯತ್ಯಾಸವಿದೆ. ಬಣ್ಣ ಹಾಕಿಸಿದ, ಒರಟಾದ, ಗುಂಗುರು ಕೂದಲಿನವರಿಗೆ ಆ ವ್ಯತ್ಯಾಸ ಕೈಗೂ ತಿಳಿದೀತು. ಆದರೆ ಬುಡಕ್ಕೆ ತಿಳಿಯದು.

ಈಗ ನಮ್ಮ ತಪ್ಪಿನ ವಿಷಯ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿಗೆ ಬಂದು ರೆಸಿಡೆನ್ಸಿಯನ್ನೂ ಪೂರೈಸಿ, ಎಲ್ಲವನ್ನೂ ಬಲ್ಲೆವೆಂಬ ಹೆಮ್ಮೆ ತಲೆಗೇರಿದ್ದ ಕಾಲ. ಇಂಥದೇ ಸಮಾರಂಭವೊಂದರಲ್ಲಿ ಹಾಸನದ ಕಡೆಯ ಹೆಣ್ಣುಮಗಳೊಬ್ಬಳು ಕೂದಲು ಉದುರುವುದೆಂದು ಹೇಳಿಕೊಂಡಳು. ಬಂದು ವರ್ಷವಾಗಿರಲಿಲ್ಲ, ಕಂಕುಳಲ್ಲಿ ಮಗು. ನಾವು ತಟ್ಟೆಯಿಂದ ಕಣ್ಣೆತ್ತದೆ, "ಹೊಸ ಊರು, ಹೊಸ ನೀರು ಕಣಮ್ಮಾ. ಒಳ್ಳೆಯ ಶಾಂಪೂ ಹಾಕಿಕೋ, ಸರಿಹೋಗುತ್ತದೆ" ಎಂದೆವು. 'ಒಳ್ಳೆಯದು' ಎಂಬುದನ್ನು ಆಕೆ 'ದುಬಾರಿ' ಎಂದು ಅರ್ಥಮಾಡಿಕೊಂಡಳು. ಈ ದೇಶದಲ್ಲಿ ಮತ್ತೇನೆಂದು ತಾನೇ ಅರ್ಥ ಮಾಡಿಕೊಳ್ಳಬೇಕು? ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಆಕೆ ತಲೆಸುತ್ತಿ ಬಿದ್ದಳು. ಪುಣ್ಯಕ್ಕೆ ಆಗ ಮಗು ತೊಟ್ಟಿಲಿನಲ್ಲಿತ್ತು.

ಹಿಮೋಗ್ಲೋಬಿನ್ 6.8. ಹೆಂಗಸರಿಗೆ 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಗರ್ಭಕೋಶದಲ್ಲಿ ಗಡ್ಡೆಯಿದ್ದು ತಿಂಗಳು ತಿಂಗಳೂ ವಿಪರೀತ ಸ್ರಾವವಾಗುತ್ತಿತ್ತು. ಸಂಕೋಚದಿಂದ ಯಾರಿಗೂ ಹೇಳಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ದಿನವಿಡೀ ಐಸ್ ಕಡಿಯುವ ಚಪಲ, ಬಿಳುಪೇರಿದ ಉಗುರು, ಇವೆಲ್ಲ ಕಬ್ಬಿಣಾಂಶದ ಕೊರತೆಯ ಪಾಠದಂಥ ಲಕ್ಷಣಗಳು. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಎಲ್ಲವೂ ಹೊರಬರುತ್ತಿತ್ತು. ನೋಡಲು ಹೋದಾಗ ಆಕೆಯ ಬಚ್ಚಲಿನ ಕಟ್ಟೆಯ ಮೇಲೆ ಹನ್ನೊಂದು ಶೀಶೆಗಳಿದ್ದವು. "ನೀವೇ ಹೇಳಿದ್ದಿರಲ್ಲ ಡಾಕ್ಟ್ರೇ" ಎಂದಳು. ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. ಚಿಕಿತ್ಸೆಯಾಗಿ, ಕಬ್ಬಿಣದ ಮಾತ್ರೆ ನುಂಗಿ, ವರ್ಷದೊಳಗೆ ಆಕೆಯ ಜಡೆ ಮತ್ತೆ ದಪ್ಪವಾಯಿತು. ಆಗ ಆಕೆ ಹಾಕಿಕೊಳ್ಳುತ್ತಿದ್ದುದು ಅಂಗಡಿಯ ಅತ್ಯಂತ ಅಗ್ಗದ ಶಾಂಪೂ.

ನಾವು ದೂರಿದ ನೀರಿನ ಬಗ್ಗೆಯೂ ಒಂದು ಮಾತು. ಊರು ಬಿಟ್ಟು ಬಂದವರೆಲ್ಲ ಮೊದಲು ಬೈಯುವುದು ಇಲ್ಲಿನ ನೀರನ್ನು, ಅದರ ಕ್ಲೋರಿನನ್ನು. ನಮ್ಮ ಪಾರ್ಸಿಪನಿಯ ಅಂಚಿನಲ್ಲಿರುವ ಬೂಂಟನ್ ಜಲಾಶಯದಲ್ಲಿಯೇ 1908ರ ಸೆಪ್ಟೆಂಬರಿನಲ್ಲಿ, ಜಾನ್ ಲೀಲ್ ಎಂಬ ವೈದ್ಯರ ಮುಂದಾಳುತನದಲ್ಲಿ, ಜೆರ್ಸಿ ಸಿಟಿಗೆ ಹೋಗುವ ನೀರಿಗೆ ಕ್ಲೋರಿನ್ ಬೆರೆಸಲಾಯಿತು. ಅಮೆರಿಕದ ನಗರವೊಂದರ ನೀರಿಗೆ ದೊಡ್ಡ ಪ್ರಮಾಣದಲ್ಲಿ, ನಿರಂತರವಾಗಿ ಹಾಗೆ ಮಾಡಿದ್ದು ಅದೇ ಮೊದಲು. ವಿಷಮಶೀತಜ್ವರದಂಥ ರೋಗಗಳನ್ನು ಹಿಮ್ಮೆಟ್ಟಿಸಿದ ವಿದ್ಯೆ ಅದು. ಗಡಸು ನೀರು ಕೂದಲನ್ನು ಒರಟಾಗಿಸಬಹುದು, ಬುಡವನ್ನು ಕೀಳಲಾರದು. ಬಂದ ಮೂರು ತಿಂಗಳಿಗೆ ಕೂದಲು ಉದುರಲು ಬೇರೆ ಕಾರಣವಿದೆ. ಜ್ವರ, ಹೆರಿಗೆ, ಶಸ್ತ್ರಕ್ರಿಯೆ, ಉಪವಾಸ, ತೀವ್ರವಾದ ಮನಃಕ್ಲೇಶ ಯಾವುದಾದರೂ ಮೈಗೆ ಆಘಾತ ಕೊಟ್ಟರೆ, ಬಹಳಷ್ಟು ಕೂದಲು ಒಮ್ಮೆಗೇ ವಿಶ್ರಾಂತಿಗೆ ಹೋಗಿ ಎರಡು ಮೂರು ತಿಂಗಳ ಬಳಿಕ ಉದುರುತ್ತವೆ. ಮಗು ನಗಲು ಕಲಿತಾಗ ತಾಯಿಯ ಕೂದಲು ಉದುರುತ್ತದೆಂದು ಅಜ್ಜಿ ಹೇಳುತ್ತಿದ್ದರು. ಲೆಕ್ಕ ಸರಿಯಾಗಿಯೇ ಇದೆ. ಇದು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿ ಯಾವ ಶೀಶೆಯಿರುತ್ತದೆಯೋ ಅದಕ್ಕೆ ಕೀರ್ತಿ ಸಲ್ಲುತ್ತದೆ!

ಹಾಗಾದರೆ ಪುರಾವೆಯಿರುವ ಔಷಧಗಳಿಲ್ಲವೇ? ಇವೆ. ರಕ್ತದೊತ್ತಡಕ್ಕೆಂದು ಮಿಷಿಗನ್ನಿನ ಅಪ್‌ಜಾನ್ ಸಂಸ್ಥೆ ಹೊರತಂದ ಮಿನಾಕ್ಸಿಡಿಲ್ ನುಂಗಿದವರ ಮೈಮೇಲೆ ಕೂದಲು ಬೆಳೆದುದರಿಂದ, ಅದನ್ನು ತಲೆಗೆ ಹಚ್ಚುವ ಔಷಧವಾಗಿ 1988ರಲ್ಲಿ ಸರ್ಕಾರ ಒಪ್ಪಿತು. 1996ರಿಂದ ಅದು ಚೀಟಿಯಿಲ್ಲದೆ ಸಿಗುತ್ತದೆ. ನಮ್ಮ ನ್ಯೂಜೆರ್ಸಿಯ ಮರ್ಕ್ ಸಂಸ್ಥೆಯ ಫಿನಾಸ್ಟರೈಡ್ ಮಾತ್ರೆಗೆ ಗಂಡಸರ ಬೋಳುತಲೆಗಾಗಿ 1997ರಲ್ಲಿ ಒಪ್ಪಿಗೆ ದೊರೆಯಿತು. ಅದನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು, ಗರ್ಭಿಣಿಯರು ಮುಟ್ಟಲೇಬಾರದು. ತಲೆಹೊಟ್ಟಿಗೆ ಜಿಂಕ್ ಪೈರಿಥಿಯೋನ್, ಕೀಟೊಕೊನಜೋಲ್ ಇರುವ ಶಾಂಪೂಗಳು ನಿಜಕ್ಕೂ ಕೆಲಸ ಮಾಡುತ್ತವೆ. ಸ್ವಾರಸ್ಯವೆಂದರೆ, ಮಿನಾಕ್ಸಿಡಿಲ್ಲಾಗಲಿ ತಲೆಹೊಟ್ಟಿನ ಶಾಂಪೂವಾಗಲಿ, ಅಂಗಡಿಯ ಸ್ವಂತ ಹೆಸರಿನ ಅಗ್ಗದ ಶೀಶೆಯಲ್ಲಿಯೂ ಇರುವುದು ಅದೇ ಔಷಧವೇ.

ಇನ್ನೆರಡು ಎಚ್ಚರಿಕೆಗಳು. ಕೂದಲಿಗೆಂದು ಮಾರುವ ಬಯೋಟಿನ್ ಮಾತ್ರೆಗಳ ಕೊರತೆ ಸಾಮಾನ್ಯ ಊಟ ಮಾಡುವವರಿಗೆ ತೀರ ಅಪರೂಪ. ಆದರೆ ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ಲೆಕ್ಕವನ್ನೇ ಕೆಡಿಸುತ್ತದೆ. ಹೃದಯಾಘಾತವನ್ನು ಗುರುತಿಸುವ ಟ್ರೊಪೊನಿನ್ ಪರೀಕ್ಷೆ ಇಲ್ಲವೆಂದು ತೋರಿಸಿ, ಒಂದು ಸಾವೂ ವರದಿಯಾದುದರಿಂದ, ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಎಚ್ಚರಿಕೆ ನೀಡಿತು. ಥೈರಾಯ್ಡ್ ಪರೀಕ್ಷೆಯೂ ದಾರಿ ತಪ್ಪಬಹುದು. ರಕ್ತ ಕೊಡುವ ಮುನ್ನ ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಎರಡನೆಯದು, ಕೂದಲನ್ನು ನೆಟ್ಟಗಾಗಿಸುವ ದುಬಾರಿ ಸಲೂನ್ ಉಪಚಾರಗಳು. ಅವುಗಳಲ್ಲಿ ಕೆಲವು ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಹಾಕುತ್ತವೆ. 33,000ಕ್ಕೂ ಹೆಚ್ಚು ಮಹಿಳೆಯರನ್ನು ಅನುಸರಿಸಿದ ಅಮೆರಿಕದ ಅಧ್ಯಯನವೊಂದು 2022ರಲ್ಲಿ, ಕೂದಲು ನೆಟ್ಟಗಾಗಿಸುವ ರಾಸಾಯನಿಕಗಳನ್ನು ಪದೇ ಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತೆಂದು ತಿಳಿಸಿತು. ಅದೇ ಕಾರಣವೆಂದು ಇನ್ನೂ ಸಿದ್ಧವಾಗಿಲ್ಲವಾದರೂ, ನಮ್ಮ ಹೆಣ್ಣುಮಕ್ಕಳ ಗುಂಗುರು ಕೂದಲು ಗುಂಗುರಾಗಿಯೇ ಇದ್ದರೆ ನಷ್ಟವೇನು?

ಕೊಬ್ಬರಿ ಎಣ್ಣೆಯ ಬಗ್ಗೆ ಕೇಳದೆ ನೀವು ನಮ್ಮನ್ನು ಬಿಡಲಾರಿರಿ. ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖನಿಜ ತೈಲ ಮತ್ತು ಸೂರ್ಯಕಾಂತಿ ಎಣ್ಣೆಗಳಿಗಿಂತ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಡೆಯುತ್ತದೆಂದು ಕಂಡುಬಂದಿತು. ಅದು ಎಳೆಯೊಳಕ್ಕೆ ಇಳಿಯಬಲ್ಲುದು. ಅವರಿಬ್ಬರೂ ಪ್ಯಾರಾಶೂಟ್ ಕೊಬ್ಬರಿ ಎಣ್ಣೆ ಮಾರುವ ಮಾರಿಕೋ ಸಂಸ್ಥೆಯವರೆಂಬುದನ್ನೂ ಹೇಳುವುದು ನ್ಯಾಯ. ಎಣ್ಣೆ ಕೂದಲು ತುಂಡಾಗದಂತೆ ಕಾಪಾಡೀತು, ಬೋಳಾದಲ್ಲಿ ಬೆಳೆಸಲಾರದು. ತಲೆಹೊಟ್ಟಿದ್ದವರು ನೆತ್ತಿಗೆ ಎಣ್ಣೆ ಹಾಕಿದರೆ ಹೊಟ್ಟು ಹೆಚ್ಚಬಹುದು. ನಮ್ಮದೆಂಬ ಅಭಿಮಾನಕ್ಕೆ ಪುರಾವೆಯನ್ನು ಬಲಿಕೊಡಬಾರದು.

ಬಂಧುಗಳೇ, ವೈದ್ಯರ ಬಳಿ ಹೋಗದೆ ಶೀಶೆಯ ಬಳಿಗೆ ನಾವೇಕೆ ಹೋಗುತ್ತೇವೆ? ಶೀಶೆಯ ಬೆಲೆ ಅಂಗಡಿಯ ಕಪಾಟಿನಲ್ಲಿಯೇ ಬರೆದಿರುತ್ತದೆ. ವೈದ್ಯರ ಬಿಲ್ಲು ಎಷ್ಟಾಗುವುದೋ, ವಿಮೆಯವರು ಏನೆನ್ನುವರೋ ತಿಳಿಯದು. ಶೀಶೆ ಪ್ರಶ್ನೆ ಕೇಳುವುದಿಲ್ಲ; ಸಂಕೋಚಪಡಬೇಕಾದುದಿಲ್ಲ. ಹೊಸದಾಗಿ ಬಂದವರಿಗೆ ಇದು ದೊಡ್ಡ ಸಮಾಧಾನವೆಂಬುದನ್ನು ನಾವು ಬಲ್ಲೆವು. ಆದರೆ ಕೂದಲು ಎಂದಿಗಿಂತ ಹೆಚ್ಚಾಗಿ ಹಲವು ತಿಂಗಳು ಉದುರಿದರೆ, ದುಂಡಗೆ ಬೋಳು ಕಲೆ ಕಂಡರೆ, ಅದರೊಡನೆ ಸುಸ್ತು, ಏದುಸಿರು, ತೂಕದ ಏರಿಳಿತ, ಅತಿಸ್ರಾವ ಇದ್ದರೆ, ರಕ್ತ, ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳು ಬಿ12 ಪರೀಕ್ಷೆಯ ಬಗ್ಗೆಯೂ ಕೇಳಿ.

ದುಬಾರಿ ಶಾಂಪೂ ಕೊಳ್ಳಬಹುದೇ? ಪರಿಮಳ ಹಿತವಾದರೆ, ಕಿಸೆ ಒಪ್ಪಿದರೆ, ಮಲ್ಲಿಗೆ ಮುಡಿದಷ್ಟೇ ಸಂತೋಷದಿಂದ ಕೊಳ್ಳಿ. ಅದು ಸಂತೋಷದ ಖರ್ಚು. ಚಿಕಿತ್ಸೆಯೆಂದು ಮಾತ್ರ ಕೊಳ್ಳಬೇಡಿ. ಇನ್ನು ಊಟದ ಸಾಲಿನಲ್ಲಿ ನಮ್ಮನ್ನು ಧಾರಾಳವಾಗಿ ಕೇಳಿ. ತಟ್ಟೆ ಕೆಳಗಿಟ್ಟು, ನಿಮ್ಮ ಮುಖ ನೋಡಿ, ನಾವೂ ಎರಡು ಪ್ರಶ್ನೆ ಕೇಳುತ್ತೇವೆ.